ಟೈಗರ್ಸ್ ಆಟ ರೇಡಿಯೋದಾಗ ಬಂದ್ರ ಕೇಳೋರು ಯಾರು?

ನವಲಗುಂದ, ಅಣ್ಣಿಗೇರಿ ಕಡೆ ಆಗಸ್ಟ್ ಅಂದ್ರ ಹೆಸರುಕಾಯಿ ಬಿಡಿಸುವ ತಿಂಗಳು. ಕುಂದಗೋಳದಾಗ ಮೆಣಸಿನಗಿಡ, ಹತ್ತಿಯ ಸಾಲಿನಾಗ ಕಳೆ ತೆಗೆಯುವ ಕೆಲಸ. ಕಲಘಟಗಿಯಲ್ಲಿ ಮಳೆ ಬಿಡುವು ಕೊಟ್ಟ ಹೊತ್ತು ನೋಡಿ ಭತ್ತ, ಗೋವಿನಜೋಳಕ್ಕೆ ಗೊಬ್ಬರ ಹಾಕಬೇಕು. ಮಹಾರಾಜ ಟ್ರೋಫಿ ಟಿ20 ಟೂರ್ನಿ ನಡೆಯುವುದೂ ಇದೇ ತಿಂಗಳಲ್ಲಿ. ದಿನಕ್ಕೆ ಎರಡು ಪಂದ್ಯ, ಒಂದು ಮಧ್ಯಾಹ್ನ, ಇನ್ನೊಂದು ಸಂಜೆ. ಮಧ್ಯಾಹ್ನದ ಆಟದ ಹೊತ್ತಿಗೆ ನಮ್ಮ ಮಂದಿ ಹೊಲದಾಗ ಇರ್ತಾರ. ಸಂಜೆ ಆಟ ಶುರುವಾಗುವಾಗ ದನಕ್ಕೆ ಮೇವು ಹಾಕಿ, ಕೈಕಾಲು ತೊಳ್ಕೊಂಡು ಆಗಷ್ಟೇ ಕಟ್ಟಿಗೆ ಬಂದು ಕೂತಿರ್ತಾರ. ಇವರಲ್ಲಿ ಹುಬ್ಬಳ್ಳಿ ಟೈಗರ್ಸ್ ಆಟ ಪೂರ್ತಿ ನೋಡುವವರು ಬಹಳ ಮಂದಿ ಇರಲಿಕ್ಕಿಲ್ಲ. ಮರುದಿನ ಚಾದಂಗಡಿಯಲ್ಲಿ 'ಗೆದ್ರಂತ', 'ಸೋತ್ರಂತ' ಅನ್ನುವ ಮಾತಷ್ಟೇ.

ಅದಕ್ಕೇ ಈ ಪ್ರಶ್ನೆ. ಟೈಗರ್ಸ್ ಆಟಕ್ಕೆ ಧಾರವಾಡ ಆಕಾಶವಾಣಿಯಿಂದ ಕನ್ನಡದಾಗ ನೇರ ಕಾಮೆಂಟ್ರಿ ಕೊಟ್ಟರೆ ಉಪಯೋಗ ಐತೇನು? ಅಥವಾ ಕೇಳುವವರಿಲ್ಲದ ಕಡೆ ಕೂಗಿದಂಗ ಆಗ್ತದೋ?

ಜಗತ್ತಿನ ಬೇರೆ ಕಡೆ ಈ ಪ್ರಶ್ನೆ ಹೆಚ್ಚಾಗಿ ಏಳುವುದು ಫುಟ್‌ಬಾಲ್ ಕ್ಲಬ್‌ಗಳ ವಿಚಾರದಲ್ಲಿ. ಊರಿನ ಕ್ಲಬ್‌ನ ಪಂದ್ಯವನ್ನು ರೇಡಿಯೋದಾಗ ಕೊಡಬೇಕೋ ಬೇಡವೋ ಅನ್ನುವ ವಾದಕ್ಕೆ ನೂರು ವರ್ಷದ ಹತ್ತಿರ ವಯಸ್ಸಾಗಿದೆ. ನಮ್ಮ ಜಿಲ್ಲೆಯಲ್ಲಿ ವೃತ್ತಿಪರ ಫುಟ್‌ಬಾಲ್ ತಂಡ ಇಲ್ಲ. ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿತು, ಆದರೆ ಅದು ಬೆಂಗಳೂರಿನ ತಂಡ. ನಮ್ಮ ಭಾಗದ ಊರಿನ ಹೆಸರು ಹೊತ್ತು, ದುಡ್ಡು ಕೊಟ್ಟು ಆಟಗಾರರನ್ನು ತಂದು ಆಡಿಸುವ ತಂಡ ಅಂದ್ರ ಹುಬ್ಬಳ್ಳಿ ಟೈಗರ್ಸ್. ಹಿಂಗಾಗಿ ನಮ್ಮ ಲೆಕ್ಕವನ್ನು ಅದರ ಮೇಲೇ ಹಾಕೋಣ.

ಗೇಟ್ ಖಾಲಿ ಆಗ್ತದ ಅನ್ನೋ ಹಳೇ ಭಯ

ಮೊದಲು ವಿರೋಧದ ವಾದ ಕೇಳೋಣ. ಬಿಬಿಸಿ ಮೊದಲ ಸಲ ಫುಟ್‌ಬಾಲ್ ಲೀಗ್ ಪಂದ್ಯವನ್ನು ನೇರ ಪ್ರಸಾರ ಮಾಡಿದ್ದು 1927ರ ಜನವರಿ 22ರಂದು. ಆರ್ಸೆನಲ್ ಮತ್ತು ಶೆಫೀಲ್ಡ್ ಯುನೈಟೆಡ್ ನಡುವಿನ ಪಂದ್ಯ. ಕೇಳುವವರಿಗೆ ಚೆಂಡು ಎಲ್ಲೈತಿ ಅಂತ ತಿಳಿಯಲಿ ಅಂತ ಮೈದಾನದ ಚಿತ್ರವನ್ನು ಚೌಕ ಚೌಕ ಮಾಡಿ ಪತ್ರಿಕೆಯಲ್ಲಿ ಅಚ್ಚು ಹಾಕಿದ್ದರು. ಒಬ್ಬಾತ ಆಟ ವಿವರಿಸಿದರೆ, ಪಕ್ಕದಲ್ಲಿ ಕೂತವ ಚೌಕದ ನಂಬರ್ ಕೂಗುತ್ತಿದ್ದ. ಜನಕ್ಕೆ ಬಹಳ ಹಿಡಿಸಿತು. ಆದರೆ ನಾಲ್ಕೇ ವರ್ಷಕ್ಕೆ, 1931ರಲ್ಲಿ, ಇಂಗ್ಲೆಂಡಿನ ಫುಟ್‌ಬಾಲ್ ಲೀಗ್ ತನ್ನ ಪಂದ್ಯಗಳ ನೇರ ಪ್ರಸಾರವನ್ನೇ ನಿಲ್ಲಿಸಿತು. ಮನೆಯಲ್ಲೇ ಆಟ ಕೇಳಿಸಿದರೆ ಟಿಕೆಟ್ ಕೊಳ್ಳುವವರು ಯಾರು ಅನ್ನುವುದು ಅವರ ಭಯ.

ಅಮೆರಿಕದಲ್ಲೂ ಹಂಗೇ ಆಯ್ತು. ನ್ಯೂಯಾರ್ಕಿನ ಮೂರು ಬೇಸ್‌ಬಾಲ್ ತಂಡಗಳು ಐದು ವರ್ಷ ರೇಡಿಯೋ ಬೇಡ ಅಂತ ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡಿದ್ದವು. 1939ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ಅದನ್ನು ಮುರಿದು ಪ್ರಸಾರ ಶುರು ಮಾಡಿತು. ಆ ವರ್ಷ ಅವರ ಮೈದಾನಕ್ಕೆ ಬಂದವರು ಕಡಿಮೆ ಆಗಲಿಲ್ಲ, ಹೆಚ್ಚೇ ಆದರು. ಇದರ ಶ್ರೇಯ ಪೂರ್ತಿ ರೇಡಿಯೋಕ್ಕೆ ಕೊಡುವುದು ತಪ್ಪು, ಯಾಕಂದ್ರ ಆ ಸಲ ತಂಡವೂ ಹಿಂದಿನ ವರ್ಷಕ್ಕಿಂತ ಚಲೋ ಆಡಿತ್ತು. ಆದರೂ ಕಾಮೆಂಟ್ರಿಯಿಂದ ಮೈದಾನ ಖಾಲಿ ಬೀಳಲಿಲ್ಲ ಅನ್ನುವುದಂತೂ ಖರೆ.

ಅಷ್ಟು ದೂರ ಹೋಗುವುದೂ ಬೇಡ. ಕೋಲ್ಕತ್ತಾದಲ್ಲಿ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಆಟಕ್ಕೆ ಆಕಾಶವಾಣಿಯ ಬಂಗಾಳಿ ಕಾಮೆಂಟ್ರಿ ಇತ್ತು. ಅಜಯ್ ಬಸು, ಕಮಲ್ ಭಟ್ಟಾಚಾರ್ಯ, ಪುಷ್ಪೇನ್ ಸರ್ಕಾರ್ ಅನ್ನುವ ಕಾಮೆಂಟೇಟರ್‌ಗಳು ಅಲ್ಲಿ ಆಟಗಾರರಷ್ಟೇ ಹೆಸರುವಾಸಿ. ಮೈದಾನದ ಮುಖವನ್ನೇ ನೋಡದ ಹಳ್ಳಿಗಳಲ್ಲೂ ಮನೆಮನೆಗೆ ಒಂದೊಂದು ಕ್ಲಬ್ ಆಗಿತ್ತು. ಹಂಗಂತ ಸ್ಟೇಡಿಯಂ ಖಾಲಿ ಬಿತ್ತೇನು? 1997ರ ಫೆಡರೇಷನ್ ಕಪ್ ಸೆಮಿಫೈನಲ್‌ನಲ್ಲಿ ಈ ಎರಡು ತಂಡ ಎದುರಾದಾಗ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ 1.3 ಲಕ್ಷ ಜನ ಸೇರಿದ್ದರು.

ಇನ್ನು ನಮ್ಮ ಕಡೆ ಬರೋಣ. ಹುಬ್ಬಳ್ಳಿ ಟೈಗರ್ಸ್ ವಿಚಾರದಲ್ಲಿ ಈ ಗೇಟಿನ ಭಯಕ್ಕೆ ಅರ್ಥವೇ ಇಲ್ಲ. ಯಾಕಂದ್ರ ಹುಬ್ಬಳ್ಳಿಯಲ್ಲಿ ಗೇಟೇ ಇಲ್ಲ! ಹಳೆಯ ಕೆಪಿಎಲ್ ಕಾಲದಲ್ಲಿ ರಾಜನಗರದ ಕೆಎಸ್‌ಸಿಎ ಮೈದಾನದಲ್ಲಿ ಪಂದ್ಯ ನಡೆದಿದ್ದವು. ನಮ್ಮ ತಾಲ್ಲೂಕುಗಳಿಂದ ಟಂಟಂ, ಟೆಂಪೋ ಮಾಡಿಕೊಂಡು ಹೋಗಿ ನೋಡಿ ಬಂದವರು ಈಗಲೂ ಸಿಗ್ತಾರ. 2019ರಲ್ಲಿ ಟೈಗರ್ಸ್ ಕೆಪಿಎಲ್ ಗೆದ್ದಿತು. ಅದರ ಬೆನ್ನಿಗೇ ಬೆಟ್ಟಿಂಗ್, ಫಿಕ್ಸಿಂಗ್ ಪ್ರಕರಣ ಹೊರಬಂದು ಆ ಟೂರ್ನಿಯೇ ನಿಂತುಹೋಯಿತು. 2022ರಲ್ಲಿ ಮಹಾರಾಜ ಟ್ರೋಫಿ ಹೆಸರಿನಲ್ಲಿ ಮತ್ತೆ ಶುರುವಾದಾಗ ಪಂದ್ಯಗಳು ಮೈಸೂರು, ಬೆಂಗಳೂರಿನಲ್ಲಿ. 2023, 2024ರಲ್ಲಿ ಬೆಂಗಳೂರು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತ ಆದ ಮೇಲೆ ಆ ವರ್ಷದ ಟೂರ್ನಿಯನ್ನು ಮೈಸೂರಿಗೆ ಒಯ್ದರು, ಅದೂ ಪ್ರೇಕ್ಷಕರಿಲ್ಲದೆ.

ಅಂದ್ರ ಈ ನಾಲ್ಕು ಸೀಸನ್‌ನಲ್ಲಿ ನಮ್ಮ ತಂಡ ಅನ್ನುವ ತಂಡ ಒಂದೇ ಒಂದು ಪಂದ್ಯವನ್ನೂ ನಮ್ಮ ಮುಂದೆ ಆಡಿಲ್ಲ. 2023ರ ಆಗಸ್ಟ್‌ನಲ್ಲಿ ಮನೀಶ್ ಪಾಂಡೆ ನಾಯಕತ್ವದಲ್ಲಿ ಮೈಸೂರು ವಾರಿಯರ್ಸ್ ತಂಡವನ್ನು 8 ರನ್‌ಗಳಿಂದ ಸೋಲಿಸಿ ಕಪ್ ಗೆದ್ದಿದ್ದು ಬೆಂಗಳೂರಿನಲ್ಲಿ. ಟೈಗರ್ಸ್ 203, ವಾರಿಯರ್ಸ್ 195. ಇಂಥ ಫೈನಲ್ ಕುಂದಗೋಳದ ಒಂದು ಓಣಿಯಲ್ಲಿ ಕಟ್ಟಿ ಮೇಲೆ ಕೂತು ಕೇಳಿದ್ದರೆ ಹೆಂಗಿರ್ತಿತ್ತು ಅಂತ ಯೋಚನೆ ಮಾಡ್ರಿ.

ಮೊಬೈಲ್‌ನಾಗ ಬರ್ತೈತಲ್ಲ?

ಇದು ಎರಡನೇ ವಾದ, ಮೊದಲಿನದಕ್ಕಿಂತ ಗಟ್ಟಿ. ಸ್ಟಾರ್ ಸ್ಪೋರ್ಟ್ಸ್ ಕನ್ನಡದಾಗ ಬರ್ತದ, ಫ್ಯಾನ್‌ಕೋಡ್ ಆ್ಯಪ್‌ನಾಗ ಬರ್ತದ, ರೇಡಿಯೋ ಯಾರಿಗೆ ಬೇಕು ಅಂತಾರ. ಹುಡುಗರ ಮಟ್ಟಿಗೆ ಇದು ಖರೆ. ಇಪ್ಪತ್ತರ ಹುಡುಗನ ಮುಂದೆ ರೇಡಿಯೋ ಇಟ್ಟರೆ ಅದಕ್ಕೆ ಸೆಲ್ ಎಲ್ಲಿ ಹಾಕೋದು ಅಂತ ಕೇಳ್ತಾನ.

ಆದರೆ ನೋಡುವುದು ಬೇರೆ, ಕೇಳುವುದು ಬೇರೆ. ಕೈಯಲ್ಲಿ ಕುಡುಗೋಲು ಇದ್ದವರು ಸ್ಕ್ರೀನ್ ನೋಡಲಾರರು. ಟ್ರ್ಯಾಕ್ಟರ್ ಹೊಡೆಯುವವರು ನೋಡಬಾರದು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿರುವ ತಾಯಂದಿರಿಗೂ, ಕಣ್ಣು ಕಾಣದ ಹಿರಿಯರಿಗೂ ಆಟ ಮುಟ್ಟಬೇಕಾದ ದಾರಿ ಕಿವಿಯೇ. ಟಿವಿ ಕಾಮೆಂಟ್ರಿ ಇವರ ಉಪಯೋಗಕ್ಕೆ ಬರುವುದಿಲ್ಲ. ಚಿತ್ರ ಕಾಣ್ತದ ಅನ್ನುವ ಧೈರ್ಯದ ಮೇಲೆ ಅಲ್ಲಿ ಕೂತವರು ಚೆಂಡು ಎಲ್ಲಿ ಹೋಯ್ತು ಅಂತ ಹೇಳುವ ಗೋಜಿಗೇ ಹೋಗುವುದಿಲ್ಲ, ತಮ್ಮ ಹಳೇ ಆಟದ ಕಥೆ ಹೇಳ್ತಾ ಕೂತಿರ್ತಾರ.

ಡೇಟಾ ಲೆಕ್ಕವನ್ನೂ ಹಾಕಿ ನೋಡ್ರಿ. ಧ್ವನಿ ಮಾತ್ರ ಕೇಳಲು ಸೆಕೆಂಡಿಗೆ 64 ಕಿಲೋಬಿಟ್ ಹಿಡಿದರೆ ಗಂಟೆಗೆ 29 ಎಂಬಿ. ಮೂರೂವರೆ ಗಂಟೆಯ ಪಂದ್ಯ ಪೂರ್ತಿ ಕೇಳಿದರೂ ನೂರು ಎಂಬಿ ಆಸುಪಾಸು. ವಿಡಿಯೋ ನೋಡಿದರೆ ದಿನದ ಒಂದೂವರೆ ಜಿಬಿ ಪ್ಯಾಕ್ ಪಂದ್ಯ ಮುಗಿಯುವ ಮೊದಲೇ ಮುಗಿಯಬಹುದು. ನೆಟ್‌ವರ್ಕ್ ಒಂದು ಕಡ್ಡಿ ಬಂದು ಒಂದು ಕಡ್ಡಿ ಹೋಗುವ ಕಲಘಟಗಿಯ ಕಾಡಂಚಿನ ಊರುಗಳಲ್ಲಿ ವಿಡಿಯೋ ಸುತ್ತುತ್ತಲೇ ಇರ್ತದ. ಅದೇ ಜಾಗದಲ್ಲಿ ಧ್ವನಿ ಹೆಂಗೋ ಬರ್ತದ.

ಇನ್ನೊಂದು ಉದಾಹರಣೆ 2025ರ ಫೈನಲ್. ಮೈಸೂರಿನಲ್ಲಿ ಮಂಗಳೂರು ಡ್ರ್ಯಾಗನ್ಸ್ ವಿರುದ್ಧ ದೇವದತ್ತ ಪಡಿಕ್ಕಲ್ ನಾಯಕತ್ವದ ಟೈಗರ್ಸ್ ಆಡುತ್ತಿತ್ತು. ಮಳೆ ಬಂತು, ಆಟ ನಿಂತಿತು, ಕೊನೆಗೆ ವಿಜೆಡಿ ಲೆಕ್ಕದಲ್ಲಿ ಮಂಗಳೂರು ಗೆದ್ದಿತು ಅಂದರು. ಎರಡನೇ ತಂಡದ ಇಪ್ಪತ್ತು ಓವರ್ ಮುಗಿದೇ ಇಲ್ಲ, ಸೋತಿದ್ದು ಹೆಂಗ? ಈ ವಿಜೆಡಿ ಅನ್ನುವುದು ಕೇರಳದ ಎಂಜಿನಿಯರ್ ವಿ. ಜಯದೇವನ್ ಮಾಡಿದ ಸೂತ್ರ. ಮಳೆಗೆ ಆಟ ನಿಂತಾಗ ಎಷ್ಟು ಓವರ್ ಆಗಿವೆ, ಎಷ್ಟು ವಿಕೆಟ್ ಬಿದ್ದಿವೆ ಅಂತ ನೋಡಿ ಆ ಹೊತ್ತಿಗೆ ಎಷ್ಟು ರನ್ ಆಗಿರಬೇಕಿತ್ತು ಅಂತ ಹೇಳ್ತದ. ಸ್ಕೋರ್ ಆ್ಯಪ್‌ನಾಗ ಇದು ಬರೇ ಒಂದು ಸಾಲು. ರೇಡಿಯೋದಾಗ ಮಳೆ ನಿಲ್ಲುವತನಕ ಮಾತಾಡಲೇಬೇಕಾದ ಕಾಮೆಂಟೇಟರ್ ಇದನ್ನ ಬಿಡಿಸಿ ಬಿಡಿಸಿ ಹೇಳ್ತಾನ. ಅಂಥ ಹೊತ್ತಿನಲ್ಲೇ ರೇಡಿಯೋದ ಬೆಲೆ ಗೊತ್ತಾಗೋದು.

ಯಾವ ರೇಡಿಯೋ?

ಇಲ್ಲಿಂದ ಮುಂದೆ ವಿಷಯ ಸ್ವಲ್ಪ ತೊಡಕು. ರೇಡಿಯೋ ಅಂದ ಕೂಡಲೆ ಎಲ್ಲಾ ಒಂದೇ ಅಲ್ಲ.

ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಶುರುವಾದದ್ದು. ಅದರ ಮೀಡಿಯಂ ವೇವ್ ಪ್ರಸಾರ 765 ಕಿಲೋಹರ್ಟ್ಸ್‌ನಲ್ಲಿ. 200 ಕಿಲೋವ್ಯಾಟ್‌ನ ದೊಡ್ಡ ಟ್ರಾನ್ಸ್‌ಮಿಟರ್, ಹಂಗಾಗಿ ನಮ್ಮ ನಾಲ್ಕೂ ತಾಲ್ಲೂಕು ಅದಕ್ಕೆ ಯಾವ ಲೆಕ್ಕ. ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರಾದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರ ಹಾಡಿಕೆ ಸಾಮಾನ್ಯ ಮನೆಗೆ ಮುಟ್ಟಿದ್ದರಲ್ಲಿ ರೇಡಿಯೋದ ಪಾಲು ದೊಡ್ಡದು. ಸಭಾಂಗಣಕ್ಕೆ ಹೋಗಲಾರದವರ ಹತ್ತಿರ ಸಭಾಂಗಣವನ್ನೇ ತಂದ ಸಾಧನ ಅದು. ಆಟಕ್ಕೂ ಅದೇ ಮಾತು.

ಆದರೆ ತೊಂದರೆ ಎರಡು. ಒಂದು, ಮೊಬೈಲ್‌ನ ರೇಡಿಯೋದಲ್ಲಿ ಎಫ್‌ಎಂ ಮಾತ್ರ ಬರ್ತದ, ಮೀಡಿಯಂ ವೇವ್ ಬರುವುದಿಲ್ಲ. ಎರಡು, ಎಲ್‌ಇಡಿ ಬಲ್ಬು, ಮೋಟರು, ಚಾರ್ಜರ್ ಹತ್ತಿರ ಇದ್ದರೆ ಮೀಡಿಯಂ ವೇವ್ ಗರಗರ ಅಂತದ, ಗುಡುಗು ಸಿಡಿಲಿದ್ದರಂತೂ ಕೇಳುವುದೇ ಬೇಡ. ಹೊಸ ಫೋನ್‌ಗಳಲ್ಲಿ ಎಫ್‌ಎಂ ಸಹ ಕಾಣೆಯಾಗುತ್ತಿದೆ. ವೈರ್ ಇರುವ ಇಯರ್‌ಫೋನೇ ಅದಕ್ಕೆ ಆಂಟೆನಾ. ಈಗ ಅದನ್ನು ಚುಚ್ಚುವ ತೂತೇ ಫೋನಿನಾಗ ಇಲ್ಲ! ಫೋನ್‌ಗಳಲ್ಲಿ ಎಫ್‌ಎಂ ಕೊಡಿ ಅಂತ ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ ಕಂಪನಿಗಳಿಗೆ ಸಲಹೆ ನೀಡಿತು. ಸಲಹೆ ಅಂದ್ರ ಸಲಹೆ, ಅಷ್ಟೇ.

ಸಮುದಾಯ ರೇಡಿಯೋ ಇನ್ನೊಂದು ದಾರಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಸಮುದಾಯ ರೇಡಿಯೋ 2007ರಿಂದ ನಡೆದಿದೆ, ರೈತರಿಗೆ ಪರಿಚಿತ ಹೆಸರು. ಆದರೆ ಸಮುದಾಯ ರೇಡಿಯೋಗೆ ನಿಯಮದ ಪ್ರಕಾರ ಸಿಗುವುದು 100 ವ್ಯಾಟ್ ಶಕ್ತಿ. ಸುಮಾರು ಹತ್ತು ಕಿಲೋಮೀಟರ್ ಸುತ್ತಳತೆ ಇರುವ ಅಂಥ ಪ್ರಸಾರ ಧಾರವಾಡದಿಂದ ನವಲಗುಂದಕ್ಕೋ ಅಣ್ಣಿಗೇರಿಗೋ ಮುಟ್ಟುವುದಿಲ್ಲ. ದುಡ್ಡಿನ ಲೆಕ್ಕವನ್ನೂ ನೋಡ್ರಿ. 2024ರ ಪರಿಷ್ಕೃತ ನಿಯಮದಂತೆ ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು, ಸರ್ಕಾರಿ ಜಾಹೀರಾತಿಗೆ ಹತ್ತು ಸೆಕೆಂಡಿಗೆ 74 ರೂಪಾಯಿ. ಆ ದರದಲ್ಲಿ ಎಲ್ಲಾ ಸೆಕೆಂಡು ಮಾರಾಟವಾದರೂ ಗಂಟೆಗೆ 5,328 ರೂಪಾಯಿ. ಎಲ್ಲಾ ಮಾರಾಟ ಆಗುವುದಿಲ್ಲ ಅಂತ ಎಲ್ಲರಿಗೂ ಗೊತ್ತು.

ಖಾಸಗಿ ಎಫ್‌ಎಂಗಳ ವಿಚಾರದಲ್ಲಿ ಬಹಳ ಮಂದಿಗೆ ತಿಳಿಯದ ಒಂದು ಅಂಶ ಐತಿ. ಅವು ಕ್ರೀಡೆಯ ನೇರ ಪ್ರಸಾರ ಮಾಡುವಂತಿಲ್ಲ ಅನ್ನುವುದು ಸಾಮಾನ್ಯ ನಿಯಮ. ಆದರೆ 2011ರ ಮೂರನೇ ಹಂತದ ಎಫ್‌ಎಂ ನೀತಿಯಲ್ಲಿ ಸ್ಥಳೀಯ ಸ್ವರೂಪದ ಕ್ರೀಡೆಗಳ ನೇರ ಕಾಮೆಂಟ್ರಿಗೆ ಅವಕಾಶ ಇಟ್ಟಿದ್ದಾರೆ. ರಾಜ್ಯಮಟ್ಟದ ಲೀಗ್ ಸ್ಥಳೀಯವೋ ಅಲ್ಲವೋ ಅನ್ನುವುದು ವಕೀಲರ ಮಾತು. ಊರಿನ ಕುಸ್ತಿ, ಕಬಡ್ಡಿ ಅಂತೂ ಸ್ಥಳೀಯವೇ ಅಲ್ಲೇನು? ಆದರೆ ನಗರದ ಎಫ್‌ಎಂ ನಗರದ ಕೇಳುಗರನ್ನು ನೋಡ್ತದ. ಹಾಡು ನಿಲ್ಲಿಸಿ ಮೂರು ತಾಸು ಆಟ ಹಾಕುತ್ತಾರೆ ಅಂತ ನಮಗೆ ನಂಬಿಕೆ ಇಲ್ಲ.

ಹಂಗಾಗಿ ಉಳಿಯುವುದು ಆಕಾಶವಾಣಿ: ಮೀಡಿಯಂ ವೇವ್, ಅದರ ಜೊತೆಗೆ ಫೋನಿನಾಗ ನ್ಯೂಸ್‌ಆನ್‌ಏರ್ ಆ್ಯಪ್. ಹೊಲದಾಗ ಹಿರಿಯರ ಹಳೇ ರೇಡಿಯೋ, ಹುಡುಗರ ಕೈಯಾಗ ಆ್ಯಪ್. ಎರಡೂ ಕಡೆ ಒಂದೇ ಧ್ವನಿ.

ಕೃಷಿ ಕಾರ್ಯಕ್ರಮ ಕೆಡಬಾರದು

ಇಲ್ಲಿ ನಮ್ಮದೂ ಒಂದು ತಕರಾರು ಐತಿ. ಸಂಜೆಯ ಹೊತ್ತು ಆಕಾಶವಾಣಿಯಲ್ಲಿ ಕೃಷಿ ಕಾರ್ಯಕ್ರಮ, ಪ್ರದೇಶ ಸಮಾಚಾರ, ಹವಾಮಾನ ಬರುವ ಹೊತ್ತು. ಹೆಸರಿಗೆ ರೋಗ ಬಿದ್ದಾಗ, ಹಳ್ಳ ತುಂಬುವ ಸೂಚನೆ ಇದ್ದಾಗ ಅದನ್ನ ಬದಿಗಿಟ್ಟು ಕ್ರಿಕೆಟ್ ಹಾಕಿದರೆ ಬೆಣ್ಣಿಹಳ್ಳದ ದಂಡೆಯ ಮಂದಿ ಬೈಯುತ್ತಾರೆ, ಬೈಯಲೇಬೇಕು.

ಆದ್ದರಿಂದ ಪೂರ್ತಿ ಪಂದ್ಯದ ಪ್ರಸಾರವೇ ಆಗಬೇಕು ಅನ್ನುವ ಹಟ ಬೇಡ. ಲೀಗ್ ಹಂತದಲ್ಲಿ ಟೈಗರ್ಸ್ ಆಡುವುದು ಹತ್ತು ಪಂದ್ಯ. ಮಧ್ಯಾಹ್ನದ ಪಂದ್ಯವಾದರೆ ಪೂರ್ತಿ ಕೊಡಲಿ, ಹೊಲದ ಕೆಲಸದ ಹೊತ್ತಿಗೆ ಅದು ಸರಿಹೊಂದ್ತದ. ಸಂಜೆಯದಾದರೆ ಎರಡನೇ ಇನಿಂಗ್ಸ್‌ನ ಕೊನೆಯ ಎಂಟು ಓವರ್ ಸಾಕು. ಮುಕ್ಕಾಲು ಗಂಟೆಯೊಳಗೆ ಮುಗೀತದ. ಟಿ20 ಆಟದ ಜೀವ ಇರೋದೂ ಅಲ್ಲೇ. ಸೆಮಿಫೈನಲ್, ಫೈನಲ್‌ಗೆ ಬಂದರೆ ಬೇರೆ ಮಾತು.

ಖರ್ಚು ಯಾರದು? ಆಕಾಶವಾಣಿಗೆ ಇದು ಹೊಸದೇನಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಬಿಸಿಸಿಐ ಜೊತೆ ಎರಡು ವರ್ಷದ ಒಪ್ಪಂದ ಮಾಡಿಕೊಂಡು ಭಾರತದ ಪಂದ್ಯಗಳ ಕಾಮೆಂಟ್ರಿ ಮತ್ತೆ ಶುರು ಮಾಡಿತ್ತು. ರಾಷ್ಟ್ರೀಯ ಮಹತ್ವದ ಪಂದ್ಯಗಳ ಪ್ರಸಾರವನ್ನು ಪ್ರಸಾರ ಭಾರತಿ ಜೊತೆ ಹಂಚಿಕೊಳ್ಳಬೇಕು ಅನ್ನುವ 2007ರ ಕಾಯ್ದೆಯಲ್ಲಿ ರೇಡಿಯೋ ಜಾಹೀರಾತಿನ ಆದಾಯ ಅರ್ಧರ್ಧ ಅಂತ ಇದೆ. ಮಹಾರಾಜ ಟ್ರೋಫಿ ಆ ಕಾಯ್ದೆಯಡಿ ಬರುವುದಿಲ್ಲ, ಕೆಎಸ್‌ಸಿಎ ಒಪ್ಪಿಗೆ ಬೇಕು. ಆದರೆ ಹಂಚಿಕೆಯ ಮಾದರಿ ಅದೇ ಇರಲಿಕ್ಕೆ ಅಡ್ಡಿ ಏನು? ಕಾಮೆಂಟೇಟರ್ ಮೈಸೂರಿಗೆ ಹೋಗಬೇಕಂತಲೂ ಇಲ್ಲ. ಧಾರವಾಡದ ಸ್ಟುಡಿಯೋದಲ್ಲಿ ಟಿವಿ ಮುಂದೆ ಕೂತು ಹೇಳಬಹುದು. ದೊಡ್ಡ ದೊಡ್ಡ ಚಾನೆಲ್‌ಗಳೇ ಈಗ ಹಂಗ ಮಾಡ್ತಾವ. ಇಬ್ಬರು ಮಾತಾಡುವವರು, ಒಬ್ಬ ಸ್ಕೋರರ್, ಒಬ್ಬ ತಂತ್ರಜ್ಞ.

ಈ ಖರ್ಚಿನ ಒಂದು ಪಾಲನ್ನು ತಂಡದ ಮಾಲೀಕರು ಹಾಕಬೇಕು ಅನ್ನುವುದು ನಮ್ಮ ಅಭಿಪ್ರಾಯ. ರೇಡಿಯೋದಿಂದ ಅವರಿಗೆ ನೇರವಾಗಿ ಲಾಭ ಬರುವುದಿಲ್ಲ, ಒಪ್ಪಿಕೊಳ್ಳೋಣ. ಬೀಜ, ಗೊಬ್ಬರದ ಅಂಗಡಿಯವರು, ಟ್ರ್ಯಾಕ್ಟರ್ ಶೋರೂಮಿನವರು ಕೊಡುವ ಜಾಹೀರಾತಿನಿಂದ ಖರ್ಚು ಹುಟ್ಟಿದರೆ ಅದೇ ದೊಡ್ಡದು. ಆದರೆ ಆಟಗಾರರು ಹರಾಜಿನಲ್ಲಿ ಬಂದು ಹೋಗುವವರು, ಮೈದಾನ ಮೈಸೂರಿನದು ಇಲ್ಲಾ ಬೆಂಗಳೂರಿನದು. ತಂಡದಲ್ಲಿ ಹುಬ್ಬಳ್ಳಿಯದು ಅಂತ ಖಾಯಂ ಉಳಿಯುವುದು ಆ ಹೆಸರೊಂದೇ. ಹೆಸರು ಬಳಸಿಕೊಂಡ ಮೇಲೆ ಆ ಹೆಸರಿನ ಊರಿಗೆ, ಅದರ ಸುತ್ತಲಿನ ಹಳ್ಳಿಗೆ ಆಟ ಕೇಳಿಸುವ ಖರ್ಚು ದೊಡ್ಡ ಮಾತೇನಲ್ಲ.

ಹಂಗಂತ ರೇಡಿಯೋ ಒಂದರಿಂದಲೇ ಜನಕ್ಕೆ ತಂಡದ ಮೇಲೆ ಪ್ರೀತಿ ಹುಟ್ಟುತ್ತದೆ ಅಂತಲೂ ಹೇಳಲಾಗದು. ಕೋಲ್ಕತ್ತಾದ ಹಳ್ಳಿಗರು ಕೇಳಿದ್ದು ಊರ ಮೈದಾನದಲ್ಲಿ ನಡೆದ ಆಟವನ್ನು. 2024ರ ಜನವರಿಯಲ್ಲಿ ರಾಜನಗರ ಮೈದಾನದಲ್ಲಿ ಕರ್ನಾಟಕ–ಪಂಜಾಬ್ ರಣಜಿ ಪಂದ್ಯ ನಡೆದು, ಪಡಿಕ್ಕಲ್ 193 ರನ್ ಹೊಡೆದರು. ರಣಜಿ ಆಡಿಸಬಹುದಾದ ಮೈದಾನದಲ್ಲಿ ಟೈಗರ್ಸ್‌ನ ಎರಡು ಪಂದ್ಯ ಆಡಿಸಲಾಗದೇ? ಆಗಸ್ಟ್‌ನ ಮಳೆ ಒಂದು ಕಾರಣ ಇರಬಹುದು, ಆದರೆ ಮಳೆ ಮೈಸೂರಿಗೂ ಬಂತಲ್ಲ. ವರ್ಷಕ್ಕೆ ಎರಡು ಪಂದ್ಯ ಇಲ್ಲಿ, ಉಳಿದವು ರೇಡಿಯೋದಾಗ ಅಂದ್ರ ಜನ ಕಿವಿ ಕೊಡ್ತಾರ. ಬರೇ ರೇಡಿಯೋ ಅಂದ್ರ ಎರಡು ಸೀಸನ್ ಕೇಳಿ ಮೂರನೇದಕ್ಕೆ ಬಿಡ್ತಾರ ಅನ್ನುವ ಅನುಮಾನ ನಮಗೂ ಐತಿ.

ಇನ್ನು ಭಾಷೆಯ ಮಾತು. ಕಾಮೆಂಟ್ರಿ ನಮ್ಮ ಕನ್ನಡದಾಗೇ ಇರಬೇಕು. ಅದಕ್ಕೆ ಜನ ಹುಡುಕಬೇಕಾಗಿಲ್ಲ. ಬ್ಯಾಸಿಗಿಯೊಳಗ ಯಾವ ಊರಿನ ಟೆನಿಸ್ ಬಾಲ್ ಟೂರ್ನಮೆಂಟಿಗೆ ಹೋದರೂ ಶಾಮಿಯಾನದಾಗ ಮೈಕ್ ಹಿಡಿದು ಒಬ್ಬ ಕೂತಿರ್ತಾನ. 'ಹೊಡದಾ ನೋಡ್ರಿ, ಚೆಂಡು ಸೀದಾ ಜೋಳದ ಹೊಲದಾಗ!' ಅಂತಾನ, ನಡುವೆ ಬಹುಮಾನ ಕೊಟ್ಟವರ ಹೆಸರು ಹೇಳ್ತಾನ, ಅಂಪೈರ್‌ಗೂ ಒಂದು ಮಾತು ಚುಚ್ತಾನ. ಇಂಥವರನ್ನು ಕರೆದು ಆಕಾಶವಾಣಿ ಒಂದು ಧ್ವನಿ ಪರೀಕ್ಷೆ ಮಾಡಲಿ. ಹತ್ತರಲ್ಲಿ ಇಬ್ಬರು ಪಾಸಾದರೂ ಒಂದು ಸೀಸನ್‌ಗೆ ಸಾಕು. ಆಗಸ್ಟ್‌ಗೆ ಪ್ರಸಾರ ಆಗಬೇಕಂದ್ರ ಕೆಎಸ್‌ಸಿಎ ಜೊತೆ ಮಾತುಕತೆ, ಧ್ವನಿ ಪರೀಕ್ಷೆ ಎರಡೂ ಮುಂಗಾರಿ ಬಿತ್ತಗಿ ಮುಗಿಯೋದರೊಳಗ ಆಗಬೇಕು.